ತೂತು ಮುಚ್ಚಿದ ಬಾವುಟ

ಎಲ್ಲಿದೆ ಹೊಲಿಗೆ, ಇಲ್ಲೇ ಇರಬೇಕು, ಬಿಳಿ ಪಟ್ಟಿಯ ನಡುವೆ, ಎಡದಂಚಿನಿಂದ ಎರಡು ಗೇಣು ಬಿಟ್ಟು — ಕಿಟಕಿಯ ಬಿಸಿಲು ಮೇಜಿನ ತುಂಬ ಹರಡಿದ ಬಾವುಟದ ಮೇಲೆ ನೇರ ಬಿದ್ದಿದೆ, ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ಹಸಿರು, ಮೂರೂ ನಿಚ್ಚಳ, ಆದರೆ ಶಿವದೇವಿಗೆ ತಾನೇ ಹಾಕಿದ ಹೊಲಿಗೆ ಕಾಣುತ್ತಿಲ್ಲ. ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು, ಇಲ್ಲ, ಬಟ್ಟೆ ಎತ್ತಿ ಬೆಳಕಿಗೆ ಹಿಡಿದಳು, ಇಲ್ಲ. ಇಪ್ಪತ್ತೆರಡು ವರ್ಷದಿಂದ ಹೈದರಾಬಾದಿನ ಕೋಠಿಯ ಓಣಿಯಲ್ಲಿ ಕೂತು ರಫು ಮಾಡಿದ ಕೈ ಇದು, ಇಲಿ ಕಡಿದ ಗದ್ವಾಲ ಸೀರೆ, ಕಿಡಿ ಹಾರಿದ ಶೇರ್ವಾನಿ, ಮೊಳೆ ಕಿತ್ತ ಶಾಲು, ತಂದವರು ಒಯ್ಯುವಾಗ ತೂತು ಎಲ್ಲಿತ್ತೆಂದು ಹುಡುಕಬೇಕು, ಹುಡುಕಿ ಸೋಲಬೇಕು, ಆ ಸೋತ ಮುಖ ನೋಡುವುದೇ ಅವಳ ಹಬ್ಬ. ಇವತ್ತು ಸೋಲುವ ಸರದಿ ಅವಳದೇ ಬಂತು. ಗೋಡೆ ಗಡಿಯಾರ ಹನ್ನೆರಡು ತೋರಿಸುತ್ತಿದೆ, ಮೂರಕ್ಕೆ ಬಾವುಟದ ಒಡತಿ ಇಲೋನಾಬಾಯಿಗೆ ಟ್ಯಾಕ್ಸಿ ಬರುತ್ತದೆ, ಬೇಗಂಪೇಟೆಯಿಂದ ವಿಮಾನ, ಬೊಂಬಾಯಿ, ಅಲ್ಲಿಂದ ಮುಂದೆ ಅವರ ತವರೂರು ಬುಡಾಪೆಸ್ಟ್, ಅಷ್ಟರೊಳಗೆ ಮುಚ್ಚಿದ್ದನ್ನು ಬಿಚ್ಚಬೇಕು, ಹನ್ನೊಂದು ದಿನದ ಕೆಲಸವನ್ನು ಮೂರು ತಾಸಿನಲ್ಲಿ. ಬಿಚ್ಚು ಎಂದು ಯಾರೂ ಹೇಳಲಿಲ್ಲ. ಇಲೋನಾಬಾಯಿ ಹೇಳಿದ್ದು ಬೇರೆ, ಇರಲಿ ಬಿಡ್ರಿ ಶಿವದೇವಿಯವರ, ನಿಮಗೇನು ಗೊತ್ತಿತ್ತು, ಭಾಳ ಚಂದ ಮಾಡೀರಿ, ಹಂಗs ಒಯ್ತೀನಿ. ಹೇಳಿ ಬೆತ್ತದ ಕುರ್ಚಿಯಲ್ಲಿ ಕೂತವರು ಇನ್ನೂ ಈ ಕಡೆ ಮುಖ ಮಾಡಿಲ್ಲ, ಬರ್ಕತ್‌ಪುರದ ಬೀದಿಯನ್ನೇ ನೋಡುತ್ತಿದ್ದಾರೆ, ಸೋಡಾ ಬಂಡಿ ಹೋಗುವುದನ್ನೂ ಅಷ್ಟು ಗಮನವಿಟ್ಟು ನೋಡುತ್ತಾರೆ. ಅದಕ್ಕೇ ಬಿಚ್ಚಬೇಕು.

ಬೆಳಿಗ್ಗೆ ಬಸ್ಸಿನಲ್ಲಿ ಎಷ್ಟು ಬೀಗುತ್ತ ಬಂದಿದ್ದಳು, ಕೈಚೀಲವನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು, ಪಕ್ಕದವಳು ಚೀಲ ತೋರಿಸಿ ಏಮುಂದಮ್ಮಾ ಅಂದುಲೋ ಎಂದು ತೆಲುಗಿನಲ್ಲಿ ಕೇಳಿದರೆ ಏನೂ ಇಲ್ಲವೆಂದು ತಲೆಯಾಡಿಸಿ, ಒಳಗೊಳಗೇ ಹೇಳಿಕೊಂಡಳು, ಒಂದು ದೇಶ ಐತಿ ಇದರಾಗ. ದಸರೆಗೆ ಮೊದಲೇ ನಳಿನಿ ಗಂಟು ತಂದು ಹಾಕಿದ್ದಳು, ಇಲೋನಾಬಾಯಿಯ ಭಾವನ ಮಗಳು ನಳಿನಿ, ಅವರನ್ನು ಕಾಕು ಎಂದು ಕರೆಯುವವಳು, ಯಾವಾಗಲೂ ಅವಸರದವಳು, ಕಾಕು ತಮ್ಮೂರಿಗೆ ಹೊಂಟಾರ್ರಿ, ಮೂವತ್ತಮೂರು ವರ್ಷ ಆದಮ್ಯಾಲೆ, ಅಲ್ಲಿ ಭಾಳ ಥಂಡಿ ಅಂತ, ಈ ಕೋಟು, ಎರಡು ಸ್ವೆಟರ್, ಏನೇನು ಹರದದ ಎಲ್ಲಾ ನೆಟ್ಟಗ ಮಾಡಿಕೊಡ್ರಿ, ಎಂದು ಹೇಳಿ ಆಟೋ ಇಳಿಯದೆಯೇ ಹೋದಳು. ಕಂದು ಕೋಟಿಗೆ ಸುತ್ತಿದ ಬಟ್ಟೆ ಬಿಚ್ಚಿದರೆ ಬಾವುಟ. ಮೂರು ಬಣ್ಣ, ನಡುವೆ ಜೋಳದ ರೊಟ್ಟಿಯಷ್ಟು ತೂತು. ಕೋಟು ಸ್ವೆಟರು ಬದಿಗೆ ಸರಿದವು. ಕೇಳಬೇಕಿತ್ತು, ಇದೂ ಕೆಲಸಕ್ಕೆ ಬಂದದ್ದೇನು, ನಡುವೆ ಏನಿತ್ತು, ಒಂದು ಮಾತು ಕೇಳಿದ್ದರೆ — ಆದರೆ ಗಿರಾಕಿಯನ್ನು ಕೇಳುವುದು ಎಳಸು ರಫೂಗಾರರ ಕೆಲಸ, ಶಿವದೇವಿಗೆ ಬಟ್ಟೆಯೇ ಹೇಳುತ್ತದೆ, ಇಷ್ಟು ವರ್ಷ ಹೇಳಿದೆ, ಆ ಜಂಬವೇ ತಂದಿಟ್ಟದ್ದು ಇವತ್ತಿನ ಈ ಫಜೀತಿ. ಮತ್ತೆ ಬಾವುಟ ಎಂದರೆ ಅವಳ ಎದೆಯಲ್ಲಿ ಒಂದೇ ಬಾವುಟ, ಶಹಾಪುರದ ಹತ್ತಿರದ ಹಳ್ಳಿ, ಅವಳಿಗೆ ಏಳು ವರ್ಷ, ಇಡೀ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮನ ಸೀಮೆಯಲ್ಲಿ ತ್ರಿವರ್ಣ ಏರಿಸಿದರೆ ಬೇಡಿ, ಅಪ್ಪ ಮಲ್ಲಣ್ಣ ಚಾವಡಿಯ ಬೇವಿನ ಮರಕ್ಕೆ ಏರಿಸಿಯೇ ಬಿಟ್ಟ, ಪೊಲೀಸರು ಬಂದು ಬಂದೂಕಿನ ಸಂಗೀನಿನಿಂದ ಇರಿದು ಕೆಳಗಿಳಿಸಿದರು, ಅಪ್ಪನನ್ನು ಗುಲ್ಬರ್ಗದ ಜೈಲಿಗೆ ಒಯ್ದರು, ಬಾವುಟ ಚರಂಡಿಗೆ ಬಿತ್ತು. ಅವ್ವ ಸೂಗಮ್ಮ ಅದನ್ನು ಎತ್ತಿ ತಂದು ಒಗೆದು, ಕಾಳು ತುಂಬುವ ಹಗೇವಿನ ಪಕ್ಕ ಕೂತು, ಅಪ್ಪನ ಧೋತರದ ಅಂಚಿನಿಂದ ಎಳೆ ಹಿರಿದು ಹಿರಿದು ಆ ತೂತು ತುಂಬಿದಳು, ಬಾವುಟದಾಗ ತೂತು ಇರಬಾರದವ್ವಾ, ಅದು ಮನಿತನದ ಮರ್ಯಾದಿ, ಹರಿದ ಅಂಚು ಮಾತ್ರ ಎಂದೂ ಕತ್ತರಿಸಬ್ಯಾಡ, ಹಳಿ ಎಳಿ ಇದ್ದಲ್ಲೇ ಇರಲಿ, ಹೊಸಾದು ಅದರ ಜೊತಿಗೆ ಹೋಗಲಿ. ಶಿವದೇವಿ ಸೂಜಿ ಹಿಡಿಯಲು ಕಲಿತದ್ದು ಆ ತೂತಿನ ಮೇಲೆ. ಮುಂದಿನ ವರ್ಷ ನಿಜಾಮನ ಆಳಿಕೆ ಮುಗಿದಾಗ ಅದೇ ಬಾವುಟ ಅದೇ ಬೇವಿನ ಮರಕ್ಕೆ ಏರಿತು, ಊರ ಮಂದಿ ಕತ್ತೆತ್ತಿ ತೂತು ಹುಡುಕಿದರು, ಸಿಗಲಿಲ್ಲ, ಅಪ್ಪ ಅವ್ವನನ್ನು ನೋಡಿದ ಆ ನೋಟ ಅವಳಿಗೆ ಇನ್ನೂ ನೆನಪಿದೆ.

ಅದಕ್ಕೇ ಹನ್ನೊಂದು ದಿನ. ಕೋಠಿಯ ಅಂಗಡಿ ಅಂಗಡಿ ತಿರುಗಿ ಬಿಳಿ ತಂದಳು, ಒಂದೂ ಒಗ್ಗಲಿಲ್ಲ, ಹೊಸ ಬಿಳಿ ಹಳೆಯ ಬಿಳಿಯ ಪಕ್ಕ ಕೂತರೆ ಸುಣ್ಣದ ಹಾಗೆ ಕಣ್ಣಿಗೆ ಹೊಡೆಯುತ್ತದೆ, ಕೊನೆಗೆ ಟ್ರಂಕಿನ ತಳಕ್ಕೆ ಕೈ ಹೋಯಿತು. ಅಪ್ಪನ ಧೋತರದ ಉಳಿದ ತುಂಡು, ನಲವತ್ತು ವರ್ಷದ ಬಿಳಿ. ಇಟ್ಟು ನೋಡಿದಳು, ಎರಡೂ ಒಂದೇ ಮಗ್ಗದಿಂದ ಬಂದ ಹಾಗೆ ಕೂತವು. ಕೊಡಬಾರದಿತ್ತು ಅದನ್ನು, ಉಳಿದದ್ದು ಅದೊಂದೇ, ಆದರೆ ಕೈ ತಡೆಯಲಿಲ್ಲ, ಯಾವುದೋ ದೂರದ ಬಾವುಟಕ್ಕೆ ಅಪ್ಪನ ಧೋತರ ಆಗಿಬರುತ್ತದಲ್ಲ ಎಂಬ ಹೆಮ್ಮೆ. ತೂತು ತಾಗಿದ್ದ ಕೆಂಪಿಗೂ ಹಸಿರಿಗೂ ಬಾವುಟದ ಮಡಿಕೆಯೊಳಗಿನ ಎಳೆಯನ್ನೇ ಹಿರಿದಳು. ಹನ್ನೊಂದು ದಿನವೂ ಬೈದಳು, ಆ ತೂತು ಕೊರೆದವನನ್ನು, ಯಾವನೋ ಕೈಗೇಡಿ, ಎಡಗಡೆ ನೆಟ್ಟಗೆ ಬಂದಿದ್ದಾನೆ, ಮೇಲಿನ ತಿರುವಿನಲ್ಲಿ ತಡವರಿಸಿದ್ದಾನೆ, ಬಲಗಡೆ ಚಾಕು ಜಾರಿ ಎರಡು ಬೆರಳಿನಷ್ಟು ಹೆಚ್ಚಿಗೆ ಸೀಳಿದೆ, ಕಡೆಗೆ ತಾಳ್ಮೆಗೆಟ್ಟು ಕೈಯಿಂದಲೇ ಹರಿದಿದ್ದಾನೆ, ಬಟ್ಟೆ ಮುಟ್ಟಲು ಯಾರು ಬಿಟ್ಟರು ಇವನಿಗೆ. ಇವತ್ತು ಹತ್ತು ಗಂಟೆಗೆ ಈ ಮೇಜಿನ ಮೇಲೇ ಬಾವುಟ ಹರಡಿ, ಹುಡುಕ್ರಿ ಬಾಯಿಯವರ, ಎಲ್ಲಿತ್ತು ತೂತು ಹೇಳ್ರಿ ನೋಡೂಣು, ಎಂದು ನಕ್ಕಳು. ಇಲೋನಾಬಾಯಿ ಹುಡುಕಲಿಲ್ಲ. ಬಿಳಿ ಪಟ್ಟಿಯ ನಡುವೆ ಅಂಗೈ ಇಟ್ಟರು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ, ಇದು ಹೆಂಗ ಬಂತು ನಿಮ್ಮ ಹಂತ್ಯಾಕ ಎಂದರು, ನಳಿನಿ ಕೋಟಿನ ಸಂಗಾಟ ತಂದಿದ್ದಳ್ರಿ ಎಂದಳು ಶಿವದೇವಿ, ಅವಳ ನಗು ಎಲ್ಲಿ ನಿಲ್ಲಬೇಕೋ ತಿಳಿಯದೆ ಮುಖದ ಮೇಲೆಯೇ ಉಳಿದಿತ್ತು.

ಆಮೇಲೆ ಹೇಳಿದರು. ಅತ್ತೆ ಗೋದಾಬಾಯಿಯಿಂದ ಕಲಿತ ಕನ್ನಡ ಅದು, ಕಣ್ಣು ಮುಚ್ಚಿ ಕೇಳಿದರೆ ರಾಯಚೂರಿನ ಯಾವುದೋ ಮುತ್ತೈದೆ ಮಾತಾಡಿದಂತೆ, ಕಣ್ಣು ತೆರೆದರೆ ಹಾಲಿನ ಬಣ್ಣದ ಮುಖ, ನೀಲಿ ಕಣ್ಣು, ಹಣೆಯ ಮೇಲೆ ಗಂಡ ನರಹರಿ ಹೋದ ಮೇಲೂ ಬಿಡದ ಕುಂಕುಮ, ನಮ್ಮೂರಾಗ ಗಂಡ ಸತ್ತರ ಹಣಿ ಬೋಳ ಮಾಡೂ ಪದ್ಧತಿ ಇಲ್ಲ ಅಂತ ಅತ್ತೆಗೇ ಎದುರು ಹೇಳಿದ ಹೆಣ್ಣು. ಬಾವುಟದ ನಡುವ ಒಂದು ಸುತ್ತಿಗಿ ಇತ್ತು, ಗೋಧಿ ತೆನಿ ಇತ್ತು, ಮ್ಯಾಲೆ ಕೆಂಪು ಚಿಕ್ಕಿ, ನಮ್ಮದಲ್ಲ ಅದು, ಹೊರಗಿನವರು ತಂದು ಹಚ್ಚಿದ್ದು. ಐವತ್ತಾರನೇ ಇಸವಿ ಅಕ್ಟೋಬರ್ ಇಪ್ಪತ್ತಮೂರು, ಊರಿಗೆ ಊರs ಬೀದಿಗಿ ಬಂತು, ಮಂದಿ ತಮ್ಮ ತಮ್ಮ ಬಾವುಟದ ನಡುವಿಂದ ಅದನ್ನ ಕತ್ತರಿಸಿ ಒಗದರು, ಎಲ್ಲಿ ನೋಡಿದರೂ ತೂತು ಬಿದ್ದ ಬಾವುಟ. ನಮ್ಮಣ್ಣ ಮಿಕ್ಲೋಶ್ ಅಡಗಿಮನಿಯ ಬ್ರೆಡ್ಡಿನ ಚಾಕು ತಂದ, ಮೇಜಿನ ಮ್ಯಾಲೆ ಹಾಸಿ ಕೊರದ, ಅವ್ವ ಬೈದಳು ಮೇಜು ಗೀರು ಬೀಳತದಂತ, ಅವ ಆ ತೂತಿನಾಗ ಮಾರಿ ತೂರಿಸಿ ನಕ್ಕ, ಇಲೋನ್ಕಾ, ನೋಡಿಲ್ಲೆ, ಇನ್ನ ಮ್ಯಾಲೆ ಇಲ್ಲಿ ನಮ್ಮ ಮಾರಿ. ಹನ್ನೆರಡು ದಿನಕ್ಕ ಆ ಹೊರಗಿನವರ ಟ್ಯಾಂಕು ತಿರುಗಿ ಬಂದವು. ಅಣ್ಣ ಮನೀಗೆ ಬರಲಿಲ್ಲ, ಬಾವುಟ ಬಂತು, ಅವನ ಗೆಳೆಯ ತಂದುಕೊಟ್ಟ. ಇಪ್ಪತ್ತೆರಡರ ಇಲೋನಾ ಅದನ್ನು ಕೋಟಿನೊಳಗೆ ಹೊಟ್ಟೆಗೆ ಸುತ್ತಿಕೊಂಡು ಕೆಸರು ಗದ್ದೆ ದಾಟಿ ಆಸ್ಟ್ರಿಯಾಕ್ಕೆ ನಡೆದದ್ದು, ಅಲ್ಲಿಂದ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಪಾತ್ರೆ ತೊಳೆದದ್ದು, ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಓದಲು ಬಂದಿದ್ದ ನರಹರಿ ಸಿಕ್ಕಿದ್ದು, ಆತನ ಹಿಂದೆ ಹೈದರಾಬಾದಿಗೆ ಬಂದು ರಾಮಚಂದ್ರಾಪುರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಲೆ ಹೂಡಿದ್ದು, ತಾಯಿ ತೀರಿದ ಪತ್ರ ಎರಡು ತಿಂಗಳ ಮೇಲೆ ಕೈ ಸೇರಿದ್ದು, ಎಲ್ಲವನ್ನೂ ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಅಣ್ಣನ ಗೋರಿ ಎಲ್ಲಿದೆ ಗೊತ್ತಿಲ್ಲ. ಈ ವರ್ಷ ಮೊದಲ ಸಲ ಆ ದಿನವನ್ನು ಬಹಿರಂಗವಾಗಿ ನೆನೆಯುತ್ತಾರಂತೆ, ಅವನು ಬಿದ್ದ ಬೀದಿಯಲ್ಲಿ ಇದನ್ನು ಹಿಡಿದು ನಿಲ್ಲಬೇಕು, ಅದಕ್ಕೇ ಹೊರಟದ್ದು. ಮಂದಿ ಸೋತವರು ಅಂತಾರ ನಮಗ, ಇಲೋನಾಬಾಯಿ ಕತ್ತು ನೆಟ್ಟಗೆ ಮಾಡಿದರು, ಹನ್ನೆರಡು ದಿನ ನಾವು ಯಾರ ಮಾತೂ ಕೇಳಲಿಲ್ಲ, ಹನ್ನೆರಡು ದಿನ, ಆ ತೂತs ನಮ್ಮ ಬಾವುಟ. ಅಷ್ಟು ಹೇಳಿ, ಇರಲಿ ಬಿಡ್ರಿ.

ಇರಲಿ ಬಿಡಲಿಕ್ಕೆ ಆಗುತ್ತದೆಯೇ. ಹೊಸದಾಗಿ ಕತ್ತರಿಸಿದರೆ ಅದು ಕೋಠಿಯ ಶಿವದೇವಿಯ ತೂತು, ಮಿಕ್ಲೋಶನದಲ್ಲ. ಕತ್ತರಿಯನ್ನು ಚೀಲಕ್ಕೆ ಹಾಕಿದಳು. ಅವನ ಅಂಚು ಒಳಗೇ ಇದೆ, ಅವ್ವ ಹೇಳಿದ ಹಾಗೆ ಒಂದು ಎಳೆಯನ್ನೂ ಕತ್ತರಿಸಿಲ್ಲ, ಹುಡುಕಬೇಕು ಅಷ್ಟೆ. ಚಾಳೀಸು ತೆಗೆದು ಮೇಜಿನ ಮೇಲಿಟ್ಟಳು, ಕಣ್ಣು ಮುಚ್ಚಿದಳು, ಕಣ್ಣಿಗೆ ಮೋಸ ಮಾಡಿದ ಕೆಲಸ ಬೆರಳಿಗೆ ಮೋಸ ಮಾಡಲಾರದು. ಬಿಳಿಯ ಮೇಲೆ ಬೆರಳು ಮೆಲ್ಲಗೆ ಹೋಯಿತು, ಗಿರಣಿಯ ಬಟ್ಟೆ, ಸ್ವಲ್ಪ ಬಿರುಸು, ಬಿರುಸು, ಬಿರುಸು, ಇಲ್ಲಿ — ಮೆತ್ತಗೆ. ಅಪ್ಪ. ಬಾವಿಯ ನೀರಿನಲ್ಲಿ ಅವ್ವ ಸಾವಿರ ಸಲ ಒಗೆದ ಧೋತರ, ಜಾತ್ರೆಗೆ ಹೆಗಲ ಮೇಲೆ ಕೂತಾಗ ಕೆನ್ನೆಗೆ ತಾಗುತ್ತಿದ್ದ ಆ ಮೆದು, ಸಿಕ್ಕಿದಿ. ಸೂಜಿಯ ತುದಿಯಿಂದ ಮೊದಲ ಎಳೆ ಎತ್ತಿದಳು, ಒಂದರ ಮೇಲೆ ಒಂದರ ಕೆಳಗೆ ಹೋದದ್ದು ಒಂದರ ಕೆಳಗೆ ಒಂದರ ಮೇಲೆ ತಿರುಗಿ ಬಂತು, ಇಷ್ಟು ನಾಜೂಕಾಗಿ ಯಾವಳು ಮಾಡಿದಳಪ್ಪ ಎಂದು ತನ್ನನ್ನೇ ಬೈದಳು, ಬೈದು ಒಳಗೊಳಗೇ ಹಿಗ್ಗಿದಳು. ಒಂದು ಗಂಟೆ. ಎಡಗಡೆ ನೆಟ್ಟಗೆ ಬಂದಿದ್ದಾನೆ, ಹುರುಪಿನಲ್ಲಿದ್ದ ಆಗ, ಮೇಲಿನ ತಿರುವಿನಲ್ಲಿ ತಡವರಿಸಿದ್ದಾನೆ, ಅವನ ಅವ್ವ ಬೈದದ್ದು ಇಲ್ಲೇ ಇರಬೇಕು, ಮೇಜು ಗೀರು ಬೀಳುತ್ತದೆ ಎಂದು, ಬಲಗಡೆ ಜಾರಿದ್ದಾನೆ, ತಿರುಗಿ ತಂಗಿಗೆ ಏನೋ ಹೇಳಿರಬೇಕು. ಹನ್ನೊಂದು ದಿನ ಬೈದೆನಲ್ಲ ತಮ್ಮಾ, ತಪ್ಪು ತಿಳೀಬ್ಯಾಡ. ಸತ್ತವನ ಕೈ ಎಲ್ಲಿ ನಿಂತಿತು ಎಲ್ಲಿ ಹೊರಳಿತು ಎಂದು ಈಗ ಜಗತ್ತಿನಲ್ಲಿ ಗೊತ್ತಿರುವುದು ಇಬ್ಬರಿಗೆ, ಅಲ್ಲಿ ಕುರ್ಚಿಯಲ್ಲಿ ಕೂತವರ ಕಣ್ಣಿಗೆ, ಇಲ್ಲಿ ಇವಳ ಬೆರಳಿಗೆ. ಎರಡು ಗಂಟೆ. ಹಸಿರಿನ ಎಳೆ ಮಡಿಕೆಗೆ ಮರಳಿತು, ಕೆಂಪಿನ ಎಳೆ ಮರಳಿತು. ಎರಡೂವರೆಗೆ ಧೋತರದ ತುಂಡು ತಾನಾಗಿ ಸಡಿಲಾಗಿ ಮೇಜಿನ ಮೇಲೆ ಉಳಿಯಿತು, ಬಾವುಟ ಎತ್ತಿದರೆ ನಡುವೆ ಬರ್ಕತ್‌ಪುರದ ಕಿಟಕಿ ಕಂಡಿತು.

ಇಲೋನಾಬಾಯಿ ಎದ್ದು ಬಂದರು, ಬೆರಳನ್ನು ಅಂಚಿನ ಗುಂಟ ಸುತ್ತ ಒಯ್ದರು, ಬಲಗಡೆಯ ಸೀಳಿನ ಹತ್ತಿರ ಬೆರಳು ನಿಂತಿತು, ತಮ್ಮ ಭಾಷೆಯಲ್ಲಿ ಏನೋ ಅಂದರು, ಮಿಕ್ಲೋಶ್ ಎಂಬುದೊಂದೇ ಶಿವದೇವಿಗೆ ತಿಳಿದದ್ದು. ಆಮೇಲೆ ಧೋತರದ ತುಂಡು ಎತ್ತಿ, ಇದು ಯಾರದ್ರಿ ಎಂದರು. ನಮ್ಮಪ್ಪಂದ್ರಿ. ಸೂಗಮ್ಮ, ಬೇವಿನ ಮರ, ಸಂಗೀನು, ನಾಲ್ಕು ಮಾತಿನಲ್ಲಿ ಹೇಳಿದಳು, ನಾಲ್ಕೇ ಸಾಕಾಯಿತು. ಇಲೋನಾಬಾಯಿ ಅದನ್ನು ಎಂಟು ಮಡಿಕೆ ಮಾಡಿ ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು, ನಿಮ್ಮಪ್ಪನ್ನ ನೀವು ಇಟಗೊಳ್ರಿ, ನಮ್ಮಣ್ಣನ್ನ ನಾ ಒಯ್ತೀನಿ. ಕೆಳಗೆ ಟ್ಯಾಕ್ಸಿ ಹಾರ್ನು ಹೊಡೆಯಿತು, ನಳಿನಿ ಮೆಟ್ಟಿಲಲ್ಲಿ ಕಾಕು ಕಾಕು ಎಂದು ಕೂಗುತ್ತ ಬರುತ್ತಿದ್ದಾಳೆ, ಶಿವದೇವಿ ಬಾವುಟದ ಎರಡು ತುದಿ ಹಿಡಿದು ಮಡಿಸಲು ಎತ್ತಿದಳು, ತಡೀರಿ ಎಂದರು ಇಲೋನಾಬಾಯಿ ಬಾವುಟದ ಆಚೆಯಿಂದ, ಬಟ್ಟೆ ಅಲುಗಿತು, ಕೆಂಪು ಮೇಲೆ ಹಸಿರು ಕೆಳಗೆ, ಬಿಳಿಯ ನಡುವೆ ತೂತು, ತೂತಿನಲ್ಲಿ ಬಂದದ್ದು ಬೆಳ್ಳಗಿನ ಕೂದಲು, ಹಣೆ, ಕುಂಕುಮ, ನೀಲಿ ಕಣ್ಣು, ಐವತ್ತೈದರ ಮುಖ, ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ಒಳಗೆ ತೂರದ ಮುಖ, ನಗುತ್ತಿದೆ, ನೋಡ್ರಿಲ್ಲೆ ಶಿವದೇವಿಯವರ, ನಗುತ್ತಿದೆ, ಅವಳು ಕೈ ಇಳಿಸಲಾರಳು, ಹಾರ್ನು, ಹನ್ನೊಂದು ದಿನ, ಹನ್ನೆರಡು ದಿನ, ಬೇವಿನ ಮರ, ಎಲ್ಲ ಎಲ್ಲಿ ಹೋದವೋ, ಬ್ರೆಡ್ಡಿನ ಚಾಕು ಕೊರೆದ ಅಂಚು, ಅಂಚಿನ ತುಂಬ ಮುಖ, ನಗುವ ಮುಖ, ಮುಖ —