ಹೊಳೆ ಹತ್ತಿರದ ಅಗ್ಗದ ಮನೆ

ಕರಿಬಸವರಾಜನಿಗೆ ಲೆಕ್ಕದ ಹುಚ್ಚು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಎಣ್ಣೆ ಗಿರಣಿಯೊಂದರಲ್ಲಿ ಅವನು ಗುಮಾಸ್ತ. ದಿನವಿಡೀ ಮಾಲೀಕರ ಲೆಕ್ಕ ಬರೆದು ಬಂದವನು ಮನೆಯಲ್ಲಿ ತನ್ನದನ್ನು ಶುರುಮಾಡುತ್ತಿದ್ದ. ಸೋಪನ್ನು ಎರಡು ತುಂಡು ಮಾಡಿ ಬಳಸಿದರೆ ಎಷ್ಟು ದಿನ ಹೆಚ್ಚಿಗೆ ಬರುತ್ತದೆ, ಒಂದು ಸ್ಟಾಪು ಮೊದಲೇ ಇಳಿದು ನಡೆದರೆ ಚಪ್ಪಲಿಯ ಸವೆತ ಕಳೆದು ಏನು ಉಳಿಯುತ್ತದೆ, ಇಂಥವು. ಗಿರಣಿಯಲ್ಲಿ ಯಾರಾದರೂ ಹಳೇ ಸೈಕಲ್ ಕೊಳ್ಳುವುದಿದ್ದರೂ ಮೊದಲು ಅವನನ್ನೇ ಕೇಳುತ್ತಿದ್ದರು. ಅದರಿಂದ ಅವನ ತಲೆ ಕೊಂಚ ತಿರುಗಿತ್ತು ಎಂದರೆ ತಪ್ಪಾಗಲಾರದು.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಅವನಿದ್ದ ವಿನೋಬನಗರದ ಮನೆಯೊಡತಿ ಶಕುಂತಲಮ್ಮ ಬಾಡಿಗೆಯನ್ನು ಒಂದೇ ಏಟಿಗೆ ಆರುನೂರರಿಂದ ಒಂಬೈನೂರಕ್ಕೆ ಏರಿಸಿದರು.

"ಊರೇ ಜಿಲ್ಲೆ ಆಗೈತೆ, ಬಾಡಿಗೆ ಮಾತ್ರ ಹಂಗೇ ಇರ್ಬೇಕೇನಪ್ಪ?" ಎಂಬುದು ಅವರ ವಾದ.

ಕರಿಬಸವರಾಜನ ಸಂಬಳ ಎರಡು ಸಾವಿರದ ನಾನೂರು. ಅದು ಮಾತ್ರ ಇನ್ನೂ ತಾಲ್ಲೂಕು ಮಟ್ಟದಲ್ಲೇ ಇತ್ತು. ನಾಲ್ಕು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದವನು ಐದನೇ ದಿನ ಹರಿಹರಕ್ಕೆ ಹೋಗಿ, ಹೊಳೆಗೆ ಕೂಗಳತೆ ದೂರದಲ್ಲಿ ನಾನೂರು ರೂಪಾಯಿಯ ಮನೆಯೊಂದನ್ನು ನೋಡಿ ಬಂದ.

"ಸಂಬಳ ದಾವಣಗೆರೇದು, ಖರ್ಚು ಹರಿಹರದ್ದು," ಎಂದು ಹೆಂಡತಿಗೆ ಬಿಡಿಸಿ ಹೇಳಿದ. "ಬಸ್ ಪಾಸ್ ಕಳೆದ್ರೂ ಕೈಯಾಗ ಉಳಿತೈತೆ. ಯುಗಾದಿಗೆ ಮುಂಗಡ ಕಟ್ಟಿ ಕಂತಿನ ಮ್ಯಾಲೆ ಕಲರ್ ಟಿ.ವಿ. ತರ್ತೀನಿ. ನೀನು ಇನ್ನೊಬ್ಬರ ಮನಿಗೆ ಹೋಗಿ ನೋಡೋದು ತಪ್ಪುತ್ತೆ."

ಗುರುಶಾಂತಮ್ಮನಿಗೆ ಮದುವೆಯಾಗಿ ಎರಡನೇ ವರ್ಷ. ಅವಳು ಸೊಪ್ಪು ಸೋಸುತ್ತಲೇ ಕೇಳಿದಳು. "ಅಲ್ಲಿ ನಮಗೆ ಯಾರ್ ಅದಾರೆ?"

"ಯಾರಿದ್ದು ಏನಾಗ್ಬೇಕೈತೆ? ಹೊಳೆ ಐತಲ್ಲ."

ಗಿರಣಿಯಲ್ಲಿ ಈ ಯೋಜನೆಗೆ ಭಾರಿ ಮನ್ನಣೆ ಸಿಕ್ಕಿತು. ಜೊತೆಯ ಗುಮಾಸ್ತ ನಾಗಭೂಷಣನಂತೂ, "ನಿಮ್ಮನ್ಯಾಗ ಟಿ.ವಿ. ಹಚ್ಚಿದ ದಿನ ನಾನೂ ಹರಿಹರಕ್ಕೆ ಗಂಟು ಕಟ್ತೀನಿ ಬಸಣ್ಣ," ಎಂದುಬಿಟ್ಟ. ಅಲ್ಲಿಗೆ ಟಿ.ವಿ. ಬರಿಯ ಟಿ.ವಿ.ಯಾಗಿ ಉಳಿಯಲಿಲ್ಲ. ಅದು ಬಾರದೆ ಹೋದರೆ ಕರಿಬಸವರಾಜ ಗಿರಣಿಯಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ.

ದಸರೆ ಕಳೆದು ಮನೆ ಬದಲಾಯಿತು. ಮೊದಲ ಅಮಾವಾಸ್ಯೆಗೇ ಆನೆಕೊಂಡದಿಂದ ಅವನ ಸೋದರತ್ತೆ ದ್ರಾಕ್ಷಾಯಣಮ್ಮ, ಆಕೆಯ ಗಂಡ ತಿಪ್ಪೇರುದ್ರಪ್ಪ ಮತ್ತು ಮೊಮ್ಮಕ್ಕಳ ಒಂದು ದಂಡು ಹೊಳೆ ಸ್ನಾನಕ್ಕೆ ಬಂದರು. ಒದ್ದೆ ಸೀರೆಯನ್ನು ಅವನ ಅಂಗಳದಲ್ಲಿ ಒಣಹಾಕುತ್ತಾ ಅತ್ತೆ, "ನಿನ್ನ ಮನಿ ಇದ್ದೂ ಹೋಟ್ಲಾಗೆ ಉಂಡ್ರೆ ನಿನಗೆ ಮರ್ಯಾದಿ ಅಲ್ಲ ನೋಡು," ಎಂದು ಅವನ ಮರ್ಯಾದೆಯನ್ನು ಹೊಟ್ಟೆ ತುಂಬ ಉಳಿಸಿದರು. ಹುಣ್ಣಿಮೆಗೆ ಗುರುಶಾಂತಮ್ಮನ ದೊಡ್ಡಮ್ಮನ ಕಡೆಯವರು ಬಂದರು. ಆಮೇಲೆ ಬಂದವರಲ್ಲಿ ಕೆಲವರು ತನಗೆ ಏನಾಗಬೇಕು ಎಂದು ಹುಡುಕಿದರೂ ಅವನಿಗೆ ಸಿಗಲಿಲ್ಲ. ವಿನೋಬನಗರದಲ್ಲಿದ್ದಾಗ ಎರಡು ಬೀದಿ ದಾಟಿ ಬಾರದಿದ್ದವರಿಗೆಲ್ಲ ಈಗ ಏಕಾಏಕಿ ಭಕ್ತಿ ಉಕ್ಕಿತ್ತು. ತೊಗರಿಬೇಳೆ ಡಬ್ಬಿಯ ತಳ ಕಾಣಿಸುತ್ತಿತ್ತು, ಟಿ.ವಿ. ಮಾತ್ರ ಕಾಣಿಸುತ್ತಿರಲಿಲ್ಲ.

ಶಿವರಾತ್ರಿ ಕಳೆದು ಅಮಾವಾಸ್ಯೆ ಬಂತು. ಯುಗಾದಿಗೆ ಇನ್ನೊಂದೇ ತಿಂಗಳು. ಗಿರಣಿಗೂ ಅಂದು ರಜೆ. ಉಪವಾಸ ಮುಗಿಸಿದ ಹೊಟ್ಟೆಗಳು ಆನೆಕೊಂಡದಿಂದ ಹೊರಟಿರುತ್ತವೆ ಎಂಬುದು ಕರಿಬಸವರಾಜನಿಗೆ ಗೊತ್ತಿತ್ತು. ಬೆಳಗಾಗುತ್ತಲೇ ಪಕ್ಕದ ಸೈಕಲ್ ಅಂಗಡಿಯ ಮುನಾಫನನ್ನು ಕರೆದು ಬೀಗದ ಕೈ ಕೊಟ್ಟ.

"ಹೊರಗಿಂದ ಬೀಗ ಹಾಕಿಬಿಡು. ಸಂಜೆ ಬಂದು ತೆಗೀ."

"ನೀವು?" ಎಂದ ಮುನಾಫ್.

"ನಾವು ಒಳಗೇ ಇರ್ತೀವಿ."

ಮುನಾಫ್ ಗಂಡಹೆಂಡಿರನ್ನು ಒಮ್ಮೆ ನೋಡಿ, ಹೊಸದಾಗಿ ಮದುವೆಯಾದವರ ವಿಷಯ ನಮಗೇಕೆ ಎಂಬಂತೆ ಬೀಗ ಜಡಿದು, ಅದರ ಕೈಯನ್ನು ಜೇಬಿಗೆ ಹಾಕಿಕೊಂಡು ಸಾಮಾನು ತರಲು ದಾವಣಗೆರೆಗೆ ಹೋದ. ಹಿತ್ತಲ ಬಾಗಿಲಿನ ಆಚೆ ಆಳೆತ್ತರದ ಗೋಡೆ. ಕರಿಬಸವರಾಜ ಕಿಟಕಿ ಮುಚ್ಚಿ, "ಮಾತು ಬ್ಯಾಡ, ಬಳೆ ಸದ್ದೂ ಬ್ಯಾಡ," ಎಂದು ಹೆಂಡತಿಗೆ ಪಿಸುಗುಟ್ಟಿ ಗೋಡೆಗೊರಗಿ ಕುಳಿತ.

ಹನ್ನೊಂದು ಗಂಟೆಗೆ ಕಟ್ಟೆಯ ಮೇಲೆ ಗದ್ದಲವಾಯಿತು.

"ಬೀಗ ಹಾಕೈತೆ. ನಡಿ, ಹೋಗಾನ," ತಿಪ್ಪೇರುದ್ರಪ್ಪನ ದನಿ.

"ಎಲ್ಲಿಗೆ ಹೋಗ್ಯಾರು, ಕೂಡ್ರಿ," ಎಂದರು ದ್ರಾಕ್ಷಾಯಣಮ್ಮ. "ಬರ್ಲೇಬೇಕು ಅತ್ತೆ ಅಂತ ಗುರುಶಾಂತಿ ಕೈ ಹಿಡ್ಕಂಡು ಹೇಳ್ಯಾಳೆ. ಬಸಣ್ಣ ಏಳೂವರೆ ಬಸ್ಸಿಗೆ ಹೋದ್ರೆ ರಾತ್ರಿಗೇ ಬರೋದಂತೆ. ಗೋಡೆ ಜೊತಿಗೆ ಮಾತಾಡಿ ಸಾಕಾಗೈತೆ ಅಂದ್ಲು ಪಾಪ. ಇಲ್ದಿದ್ರೆ ನನಗೇನು ಹೊಳೆ ಹುಚ್ಚಾ? ಈ ವಯಸ್ಸಿನಾಗೆ ತಣ್ಣೀರು ಅಂದ್ರೆ ಜೀವ ಹೋಗ್ತೈತೆ. ಆ ಹುಡುಗಿ ಸಲುವಾಗಿ ಮುಳುಗ್ತೀನಿ."

ಒಳಗೆ ಕರಿಬಸವರಾಜ ಹೆಂಡತಿಯತ್ತ ತಿರುಗಿದ. "ನೀನೇ ಕರೆದ್ಯಾ?"

"ಹೂಂ. ಎಲ್ರನ್ನೂ ನಾನೇ ಕರೆದೆ."

"ಟಿ.ವಿ. ಬ್ಯಾಡ್ವಾ ನಿನಗೆ?"

"ಟಿ.ವಿ. ಯಾಕ ಬೇಕಿತ್ತು? ಮನ್ಯಾಗ ಒಂದು ಮಾತು ಕೇಳ್ಲಿ ಅಂತ. ಅದು ತಾನು ಹೇಳೋದಷ್ಟೇ ಹೇಳ್ತೈತೆ. ಇವ್ರು ನಾನು ಹೇಳಿದ್ದನ್ನೂ ಕೇಳ್ತಾರೆ."

ಹಾಲು, ಮೊಸರು, ಸೀಮೆಎಣ್ಣೆ, ಚಪ್ಪಲಿ ಎಲ್ಲವನ್ನೂ ಕೂಡಿಸಿ ಕಳೆದಿದ್ದ ಕರಿಬಸವರಾಜ ಹೆಂಡತಿಯ ಹಗಲುಗಳನ್ನು ಎಲ್ಲಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಹಳ ನಾಚಿಕೆಯಾಯಿತು. ಏನೋ ಹೇಳಬೇಕೆಂದು ಅವನು ಬಾಯಿ ತೆರೆಯುವುದಕ್ಕೂ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದಕ್ಕೂ ಸರಿಹೋಯಿತು.

"ಎಂಟು ಜನಕ್ಕೆ ಬೇಳೆ ಇಟ್ಟಿದ್ದೆ," ಎಂದಳು ಗುರುಶಾಂತಮ್ಮ ತಲೆ ತಗ್ಗಿಸಿ.

ಹೊರಗಿನಿಂದ ದ್ರಾಕ್ಷಾಯಣಮ್ಮನ ಗಾಬರಿಯ ದನಿ ಬಂತು.

"ಅಯ್ಯೋ ಶಿವನೇ, ಒಲೆ ಆರಿಸೋದು ಮರ್ತು ಹೋಗ್ಯಾರೆ. ಮನಿಗೆ ಬೆಂಕಿ ಬೀಳ್ತೈತೆ. ಕಲ್ಲು ತಗಂಡು ಬೀಗ ಒಡೀರಿ."

ಬೀಗದ ಮೇಲೆ ಮೊದಲ ಏಟು ಬಿತ್ತು. ಮನೆ ನಾನೂರರದಾದರೂ ಬಾಗಿಲು ತೇಗದ್ದು, ಮುರಿದರೆ ದುಡ್ಡು ಕಟ್ಟುವವನು ಅವನೇ. ಎರಡನೇ ಏಟಿಗೆ ಕರಿಬಸವರಾಜ ಎದ್ದು ಕಿಟಕಿ ತೆರೆದ.

"ಬರ್ರಿ ಅತ್ತೆ, ಬರ್ರಿ ಮಾವ. ಅರಾಮ ಅದೀರಾ?"

ಕಲ್ಲೆತ್ತಿದ್ದ ತಿಪ್ಪೇರುದ್ರಪ್ಪ ಬಾಗಿಲ ಬೀಗವನ್ನೂ ಕಿಟಕಿಯ ಮುಖವನ್ನೂ ಒಂದರ ನಂತರ ಒಂದು ನೋಡಿದರು. "ನಿನ್ನ ಯಾರಪ್ಪ ಒಳಗ ಹಾಕಿದ್ದು?"

"ನಾನೇ," ಎಂದ ಕರಿಬಸವರಾಜ. ಸುಳ್ಳಿಗೆ ಹೊತ್ತು ಸಾಲಲಿಲ್ಲ.

ಬೀಗದ ಕೈ ಮುನಾಫನ ಜೇಬಿನಲ್ಲಿತ್ತು, ಜೇಬು ದಾವಣಗೆರೆಯಲ್ಲಿತ್ತು. ಹಸಿವು ಕಟ್ಟೆಯ ಮೇಲಿತ್ತು. ಕಡೆಗೆ ಊಟ ಕಿಟಕಿಯಲ್ಲೇ ನಡೆಯಿತು. ಸರಳುಗಳ ನಡುವೆ ತಟ್ಟೆ ಹಿಡಿಯದ್ದರಿಂದ ಅತ್ತೆ ಪಕ್ಕದ ಮನೆಯಿಂದ ತಂದ ತಟ್ಟೆಯನ್ನು ಹೊರಗೆ ಒಡ್ಡಿದರು, ಗುರುಶಾಂತಮ್ಮ ಒಳಗಿನಿಂದ ಸೌಟು ಚಾಚಿ ಸಾರು ಬಡಿಸಿದಳು. ಹೊರಗಿನಿಂದ ಅತ್ತೆ ಕಟ್ಟಿ ತಂದಿದ್ದ ಜೋಳದ ರೊಟ್ಟಿಗಳು ಸುರುಳಿಯಾಗಿ ಒಳಗೆ ಬಂದವು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮೂರು ತಾಸು ಅತ್ತೆಯೂ ಸೊಸೆಯೂ ಆ ಸರಳು ಹಿಡಿದು ಮಾತಾಡಿದ್ದೇ ಮಾತಾಡಿದ್ದು, ನಕ್ಕಿದ್ದೇ ನಕ್ಕಿದ್ದು. ಹರಿಹರಕ್ಕೆ ಬಂದ ಮೇಲೆ ಹೆಂಡತಿ ಹಾಗೆ ನಕ್ಕಿದ್ದನ್ನು ತಾನು ಕಂಡಿರಲಿಲ್ಲ ಎಂದು ರೊಟ್ಟಿ ಮುರಿಯುತ್ತಿದ್ದ ಕರಿಬಸವರಾಜನಿಗೆ ಹೊಳೆಯಿತು.

ಯುಗಾದಿಗೆ ಟಿ.ವಿ. ಬರಲಿಲ್ಲ, ಇವರೇ ವಿನೋಬನಗರಕ್ಕೆ ಬಂದರು. ತಿರುಗಿ ಬಂದ ತಪ್ಪಿಗೆ ಶಕುಂತಲಮ್ಮ ಬಾಡಿಗೆಗೆ ಇನ್ನೈವತ್ತು ಸೇರಿಸಿದರು. ಕರಿಬಸವರಾಜ ತುಟಿಪಿಟಕ್ಕೆನ್ನದೆ ಎಣಿಸಿಕೊಟ್ಟ.

ಹರಿಹರದ ಮನೆಯನ್ನು ನಾಗಭೂಷಣ ಹಿಡಿದ. ಬೇಡವೆಂದು ಕರಿಬಸವರಾಜ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. "ನಿಮಗೆ ಲೆಕ್ಕ ಹಾಕಾಕ ಬರ್ತೈತೆ, ಉಳಿಸಾಕ ಬರಲ್ಲ ಬಸಣ್ಣ," ಎಂದು ಗಿರಣಿಯವರೆದುರೇ ನಕ್ಕ.

ಮುಂದಿನ ಅಮಾವಾಸ್ಯೆಗೆ ಕರಿಬಸವರಾಜ ಹೆಂಡತಿಯೊಡನೆ ಆನೆಕೊಂಡಕ್ಕೆ ಹೋಗಿ ಅತ್ತೆ ಮಾವನನ್ನೂ ಹೊರಡಿಸಿಕೊಂಡು ಹರಿಹರದ ಬಸ್ಸು ಹತ್ತಿದ. ತಮ್ಮನ್ನು ನೀರಿಗಿಳಿಸಬಾರದು ಎಂದು ಅತ್ತೆ ಮೊದಲೇ ಮಾತು ಪಡೆದಿದ್ದರು. ಬಾಗಿಲು ತೆರೆದ ನಾಗಭೂಷಣ ಬಂದವರ ತಲೆ ಎಣಿಸಿದ, ಮುಖ ಇಳಿಯಿತು. ಅಷ್ಟರಲ್ಲಿ ಅವನ ಹೆಂಡತಿ ರೂಪಶ್ರೀ ಹಿಟ್ಟಿನ ಕೈಯಲ್ಲೇ ಓಡಿಬಂದು ಗುರುಶಾಂತಮ್ಮನ ಕೈ ಹಿಡಿದವಳು ಬಿಡಲೇ ಇಲ್ಲ.

ಕರಿಬಸವರಾಜ ಚಪ್ಪಲಿ ಬಿಟ್ಟು ಒಳಗೆ ಬಂದು ನಾಗಭೂಷಣನ ಹೆಗಲ ಮೇಲೆ ಕೈಯಿಟ್ಟ.

"ಬೇಳೆ ಸ್ವಲ್ಪ ಜಾಸ್ತಿ ಹಾಕ್ಸು ತಮ್ಮಾ," ಎಂದ. "ಇದನ್ನ ಖರ್ಚಿನಾಗ ಬರೀಬ್ಯಾಡ."