ಆನೆ ಅರ್ಜಿ

ಶಿರಂಗಾಲದಲ್ಲಿ ಬಸ್ಸು ನಿಲ್ಲುವ ಕಡೆ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಮಹದೇವಪ್ಪನದು ಯಾರು ಏನು ಕೇಳಿದರೂ ‘ಆಗ್ಲಿ’ ಅನ್ನುವ ಸ್ವಭಾವ. ಆ ಬೆಳಿಗ್ಗೆ ಕಂಪ್ಯೂಟರು, ಅರ್ಜಿ ಟೈಪು ಮಾಡುವ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳಿತು. ಅದಕ್ಕೂ ಆಗ್ಲಿ ಅಂದ. ಕಾಫಿ ಕುಡಿದು ಬಂದು ನೋಡುತ್ತಾನೆ, ಪರದೆಯ ಮೇಲ್ಗಡೆ ಸಾಲಾಗಿ ಕೂತಿದ್ದ ಅವನ ಚಿತ್ರಗಳೆಲ್ಲ ಮಾಯ.

ಅವನೇ ಚುಕ್ಕಿಗೆ ಚುಕ್ಕಿ ಸೇರಿಸಿ ಬರೆದ ಚಿತ್ರಗಳು ಅವು. ಬಲ್ಬು ಒತ್ತಿದರೆ ಬೀದಿದೀಪದ ಅರ್ಜಿ, ಬಸ್ಸು ಒತ್ತಿದರೆ ಬಸ್ಸು ನಿಲ್ಲಿಸಿ ಅನ್ನುವ ಅರ್ಜಿ, ಬಾಟ್ಲಿ ಒತ್ತಿದರೆ ಬ್ರಾಂದಿ ಅಂಗಡಿ ಎತ್ತಿಸಿ ಅನ್ನುವ ಅರ್ಜಿ ತಾನಾಗಿ ಮೂಡುತ್ತಿತ್ತು. ಹೆಸರು, ಸರ್ವೆ ನಂಬರು ತುಂಬಿದರೆ ಮುಗಿಯಿತು. ಎಲ್ಲಕ್ಕಿಂತ ಗಿರಾಕಿ ಜಾಸ್ತಿ, ಕಾಡಾನೆ ಬೆಳೆ ಹಾಳು ಮಾಡಿತು ಅನ್ನುವ ಅರ್ಜಿಯ ಆನೆ ಚಿತ್ರಕ್ಕೆ. ನೋಡಿದವರಲ್ಲಿ ಅರ್ಧ ಜನ ಅದನ್ನು ಹಂದಿ ಅನ್ನುತ್ತಿದ್ದರು. ಅವನು ಸೊಂಡಿಲು ತೋರಿಸಿ ವಾದಿಸುತ್ತಿದ್ದ. ಈಗ ಎಲ್ಲವೂ ಒಂದೇ ತೆರನ ಬೂದು ಚೌಕಗಳು.

ಅಷ್ಟರಲ್ಲಿ ನದಿ ಕಡೆಯ ಸುಲೋಚನಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ಬಂದಳು.

“ಅಣ್ಣ, ಬಿರ್ರನೆ ಒಂದು ಆನೆ ಅರ್ಜಿ ಹಾಕ್ಕೊಡಿ. ರಾತ್ರಿ ಜೋಳದ ಹೊಲಕ್ಕೆ ನುಗ್ಗಿತ್ತು. ಹೆಜ್ಜೆ ಗುರುತು ಹಂಗೇ ಅವೆ. ಆ ಫಾರೆಸ್ಟ್ ಗಾರ್ಡು ಅರ್ಜಿ ಇಲ್ದೆ ಕಾಲೆತ್ತಲ್ಲ. ಮೋಡ ನೋಡಿ ಹೆಂಗೆ ಕಟ್ಟೈತೆ! ಹುಯ್ದುಬಿಟ್ರೆ ಆನೆ ಬಂದಿತ್ತು ಅಂದ್ರೆ ಯಾರು ನಂಬ್ತಾರೆ?”

“ಆನೆ ಹೊರಟೋಗೈತೆ ಅಕ್ಕ.”

“ಹೋಗಿರೋದು ನಂಗೂ ಗೊತ್ತು. ಬಂದಿತ್ತು ಅಂತ ಬರೀರಿ.”

ಅವನು ಪರದೆ ತೋರಿಸಿದ. ಒಂದೊಂದೇ ಚೌಕ ಒತ್ತಿ ನೋಡುವುದೆಂದಾಯಿತು. ಮೊದಲನೆಯದರಿಂದ ಬೀದಿದೀಪ ಬಂತು.

“ನಮ್ ಬೀದೀಲೂ ಲೈಟಿಲ್ಲ. ಅದೂ ಇರ್ಲಿ, ಪ್ರಿಂಟ್ ಹಾಕಿ,” ಅಂದಳು ಸುಲೋಚನಮ್ಮ.

ಎರಡನೆಯದು ಬಸ್ಸು. ಅದೂ ಇರಲಿ. ಮೂರನೆಯದು ಬ್ರಾಂದಿ ಅಂಗಡಿ. “ಅದು ಎರಡು ಕಾಪಿ!” ಅಂದಳು. ಮುಂದಿನದನ್ನು ಒತ್ತಿದಾಗ ಮಾತ್ರ ಇಂಗ್ಲಿಷಿನಲ್ಲಿ ಏನೋ ಬೈಗುಳದಂಥದ್ದು ಬಂದು ನಿಂತಿತು. ಆನೆ ಇದ್ದದ್ದು ಅದರಲ್ಲೇ.

ಹೋಗಲಿ, ಕೈಯಾರೆ ಟೈಪು ಮಾಡೋಣವೆಂದು ಮಹದೇವಪ್ಪ ಕೂತ. ‘ಮಾನ್ಯರೇ’ ಎಂಬುದು ನೆನಪಿತ್ತು. ‘ತಮ್ಮ ವಿಶ್ವಾಸಿ’ ಎಂಬುದೂ ನೆನಪಿತ್ತು. ನಡುವಿನದನ್ನೆಲ್ಲ ಆನೆ ತಿಂದುಹಾಕಿತ್ತು.

“ಏನಾಯ್ತು ಹೇಳಿ ಅಕ್ಕ. ಹೇಳ್ದಂಗೇ ಹೊಡೀತೀನಿ.”

“ಜೋಳ ತುಳೀತು. ತಿಂದಿದ್ದಕ್ಕಿಂತ ತುಳಿದದ್ದೇ ಹೆಚ್ಚು. ಆಮೇಲೆ ಪಂಪ್‌ಸೆಟ್ ಮನೆ ಗೋಡೆಗೆ ಮೈ ಉಜ್ಕೊಂಡು ನಿಂತ್ಕೊಂತು, ನಮ್ಮತ್ತೆ ಕಂಬಕ್ಕೆ ಬೆನ್ನು ಉಜ್ತಾರಲ್ಲ, ಹಂಗೆ. ನಮ್ಮೆಜಮಾನ್ರು ಕಿಟಕಿ ಸಂದೀಲಿ ನೋಡ್ಕೊಂಡು, ಪಟಾಕಿ ಎಲ್ಲಿಟ್ಟೆ ಅಂತ ನಂಗೇ ಬಯ್ದ್ರು.”

“ಎಜಮಾನ್ರುದು ಬೇಡ ಬಿಡಿ.”

“ಹಾಕಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ.”

ಆಗ್ಲಿ ಅಂದ.

ಬರೆದವರೇ ಬಂದು ಹೇಳಬೇಕೆಂದು ಸುಲೋಚನಮ್ಮ ಅವನನ್ನೂ ಎಬ್ಬಿಸಿಕೊಂಡು ಹೊರಟಳು. ಫಾರೆಸ್ಟ್ ಗಾರ್ಡ್ ತೀರ್ಥಪ್ರಸಾದ್ ಚೆಕ್‌ಪೋಸ್ಟಿನ ಬೆಂಚಿನ ಮೇಲೆ ಕೂತಿದ್ದ. ಅರ್ಜಿಯನ್ನು ಓದಿದ, ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಓದಿದ.

“ಇದು ಆನೆ ಅರ್ಜಿ ಅಲ್ಲವಲ್ಲ ಮಾದೇವಪ್ಪನೋರೇ. ಆನೆ ಅರ್ಜಿ ನನಗೆ ಬಾಯಿಪಾಠ ಉಂಟು. ‘ಸುಮಾರು ಐದು ಕಾಡಾನೆಗಳ ಹಿಂಡು’ ಅಂತ ಶುರು ಆಗ್ತದೆ. ಯಾರ ಗದ್ದೆಗೆ ಬಂದರೂ ಐದೇ ಬರೋದು. ಮೇಲಿನವರೂ ಐದೇ ನೋಡಿ ಅಭ್ಯಾಸ.”

“ನಮ್ಮಲ್ಲಿಗೆ ಬಂದಿದ್ದು ಒಂದೇ ಸ್ವಾಮಿ,” ಅಂದಳು ಸುಲೋಚನಮ್ಮ. “ಮಿಕ್ಕಿದ ನಾಲ್ಕನ್ನ ಎಲ್ಲಿಂದ ತರ್ಲಿ?”

ಬೆಂಚಿನ ಮುಂದಿನ ಮಣ್ಣಿನ ಮೇಲೆ ದಪ್ಪ ದಪ್ಪ ಹನಿ ಬೀಳತೊಡಗಿತು. ಅವಳು ಅದನ್ನೇ ನೋಡಿದಳು.

ಗಾರ್ಡು ಮಾತ್ರ ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದ. “ಗೋಡೆಗೆ ಮೈ ಉಜ್ಜಿತು ಅಂತ ಇದೆ. ಕೆಸರು ಎಲ್ಲಿವರೆಗೆ ಮೆತ್ತಿದೆ ಅಮ್ಮ?”

“ಸೂರಿಗೆ ತಾಗೋ ಹಂಗೆ.”

“ಸೂರಿಗಾ?” ಅವನು ಎದ್ದು ನಿಂತ. “ಅಷ್ಟೆತ್ತರದ ಒಂಟಿ ಸಲಗವನ್ನೇ ನಾವು ಹುಡುಕ್ತಾ ಇರೋದು. ಮೊದಲೇ ಹೇಳಬಾರದಾ? ಜೀಪು ಹತ್ತಿ.”

ಹೊಲ ಮುಟ್ಟುವಷ್ಟರಲ್ಲಿ ಮಳೆ ಜಡಿಯುತ್ತಿತ್ತು. ಹೆಜ್ಜೆ ಗುರುತುಗಳೆಲ್ಲ ಬರೀ ನೀರಿನ ಗುಂಡಿಗಳಾಗಿದ್ದವು. ಎಮ್ಮೆ ತುಳಿದದ್ದೆಂದರೂ ನಡೆಯುತ್ತಿತ್ತು. ಸುಲೋಚನಮ್ಮ ಗುಂಡಿಯಿಂದ ಗುಂಡಿಗೆ ಓಡಾಡಿದಳು. ಪಂಪ್‌ಸೆಟ್ ಮನೆಯ ಗೋಡೆ ಮಾತ್ರ ಹೆಂಚಿನ ಸೂರಿನಡಿ ಒಣಗಿಕೊಂಡಿತ್ತು. ಕೆಸರು ಹಾಗೇ ಇತ್ತು, ಅದರಲ್ಲಿ ತಂತಿಯಂಥ ಒಂದೆರಡು ಕೂದಲು.

“ಇವನೇ,” ಅಂದ ಗಾರ್ಡು. ಜೇಬಿನಿಂದ ಟೇಪು ತೆಗೆದು ಮಹದೇವಪ್ಪನ ಕೈಗೆ ಕೊಟ್ಟ. “ಆ ಕಲ್ಲಿನ ಮೇಲೆ ನಿಂತು ತುದಿ ಹಿಡೀರಿ. ಸ್ಥಳ ಪರಿಶೀಲನೆ ಈಗಲೇ ಬರೆದುಬಿಡ್ತೇನೆ.”

ಮಹದೇವಪ್ಪ ಕಲ್ಲು ಹತ್ತಿ, ತುದಿಗಾಲಲ್ಲಿ ನಿಂತು, ಕೈ ಪೂರ್ತಿ ಚಾಚಿದ. ಕೆಸರಿನ ಗುರುತು ಅವನ ಬೆರಳಿಗಿಂತ ಇನ್ನೂ ಮೇಲಿತ್ತು. ಹೆಂಚಿನ ನೀರು ಅವನ ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯುತ್ತಿತ್ತು.

“ಅಬ್ಬಾ, ಇಷ್ಟು ದೊಡ್ಡದಾ ಅಕ್ಕ?”

“ಇನ್ನೇನು, ನಿಮ್ ಕಂಪ್ಯೂಟರಿನಾಗೆ ಇದ್ದಷ್ಟೇ ಅಂದ್ಕಂಡಿದ್ರಾ?” ಸುಲೋಚನಮ್ಮ ಮುಖ ಒರೆಸಿಕೊಂಡು ಮೊದಲ ಸಲ ನಕ್ಕಳು.

“ಮಾತಾಡ್ತಾ ಟೇಪು ಬಿಡಬೇಡಿ,” ಅಂದ ಗಾರ್ಡು. “ಅಗಲ ಅಳೆಯುವುದು ಇನ್ನೂ ಬಾಕಿ ಉಂಟು.”