ಪತ್ತನಾಜೆಯ ಬಿತ್ತನೆ

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ವಾರಿಜಾಳ ಫೋನಿಗೆ ಸಂದೇಶ ಬಂತು. ವಫ್ರಾದ ತೋಟಗಳ ಕಡೆ ಹನ್ನೊಂದರಿಂದ ಎರಡರವರೆಗೆ ಕರೆಂಟ್ ಇಲ್ಲ. ಅವಳು ಅದನ್ನು ಅರಬ್ಬಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಓದಿದಳು. ಎರಡರಲ್ಲೂ ಅದೇ ಇತ್ತು. ಕುವೈತ್ ನಗರದ ಮಿರ್ಕಾಬಿನ ಟೈಪಿಂಗ್ ಆಫೀಸಿನಲ್ಲಿ ಹತ್ತು ವರ್ಷದಿಂದ ಬೇರೆಯವರ ಅರ್ಜಿಗಳನ್ನು ತುಂಬುತ್ತಿದ್ದವಳು. ಯಾವುದನ್ನೂ ಒಂದೇ ಸಲ ಓದಿ ನಂಬುವವಳಲ್ಲ.

ಗಂಡನಿಗೆ ಫೋನ್ ಮಾಡಿದಳು.

"ನೋಡಿದೆ, ನೋಡಿದೆ," ಎಂದ ಕಾಂತಪ್ಪ. ಅವನ ಹಿಂದೆ ಗ್ರೀನ್‌ಹೌಸಿನ ಫ್ಯಾನುಗಳು ಹೊಡೆದುಕೊಳ್ಳುತ್ತಿದ್ದವು. "ಇನ್ನೂ ಹತ್ತು ನಿಮಿಷ ಉಂಟಲ್ಲ."

"ಕರೆಂಟ್ ಹೋದ ಮೇಲೆ ಒಳಗೆ ಕಾಲಿಡ್ಬಾರ್ದು. ಕೇಳಿತಾ?"

"ನಾನೆಂತ ಸಣ್ಣ ಮಗುವಾ? ಬದಿಯ ಪ್ಲಾಸ್ಟಿಕ್ ಎತ್ತಿ ಕಟ್ಟಿ, ಶೆಡ್ಡಿಗೆ ಬಂದು ಮಲಗ್ತೇನೆ."

"ಮಲಗಿ ಫೋನ್ ಮಾಡಿ."

"ಮಲಗಿದವ ಫೋನ್ ಮಾಡುದು ಹೇಗೆ ಮಾರಾಯ್ತಿ?" ಅವನು ನಗುತ್ತಲೇ ಇಟ್ಟುಬಿಟ್ಟ.

ವಾರಿಜಾಳಿಗೆ ನಗು ಬರಲಿಲ್ಲ. ಕಳೆದ ವರ್ಷ ಜುಲೈಯಲ್ಲಿ ಇಂಥದೇ ಒಂದು ದಿನ ಅವನು ಬಸಳೆಯ ಸಾಲಿನ ನಡುವೆ ಬಿದ್ದಿದ್ದ. ತರಕಾರಿ ಒಯ್ಯಲು ಬಂದಿದ್ದ ಮಮ್ಮಾಲಿ ಎಳೆದು ಹೊರಗೆ ಹಾಕಿದ್ದರಿಂದ ಉಳಿದ. ಮೂರು ದಿನ ಆಸ್ಪತ್ರೆ. ಕಿಡ್ನಿ ಈಗಲೇ ಸೋತಿದೆ, ಇನ್ನೊಮ್ಮೆ ಹೀಗಾದರೆ ಎಬ್ಬಿಸುವುದು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಅವನ ಎದುರೇ ಹೇಳಿದ್ದರು. ಅವನು ತಲೆಯಾಡಿಸಿದ್ದ. ಈ ವರ್ಷ ಮೇ ತಿಂಗಳು ಮುಗಿಯುವ ಮೊದಲೇ ಮತ್ತೆ ಬೀಜ ನೆನೆಹಾಕಿದ್ದ.

ಅದಕ್ಕೆ ಕಾರಣ ಪತ್ತನಾಜೆ. ಮೇ ಕೊನೆಗೆ, ತುಳುವರ ಬೇಶ ತಿಂಗಳ ಹತ್ತನೇ ದಿನ ಕಳೆದರೆ ಭೂತಕೋಲ, ಯಕ್ಷಗಾನದ ಆಟ, ಮದುವೆ ಎಲ್ಲ ಮುಗಿದು ತುಳುನಾಡಿನಲ್ಲಿ ಜನ ಗದ್ದೆಗೆ, ಹಿತ್ತಲಿಗೆ ಇಳಿಯುತ್ತಾರೆ. ಕಾಪುವಿನ ಹತ್ತಿರದ ಐವತ್ತು ಸೆಂಟ್ಸ್ ಜಾಗದಲ್ಲಿ ಕಾಂತಪ್ಪನ ಮನೆಯವರು ಅಂದೇ ಹರಿವೆ ಬಿತ್ತುತ್ತಿದ್ದರು, ಬಸಳೆ ಬಳ್ಳಿ ಊರುತ್ತಿದ್ದರು. ಆಮೇಲೆ ಮಳೆಯ ಲೆಕ್ಕವೇ ತಪ್ಪಿತು. ಒಂದು ವರ್ಷ ಬೀಜ ಮಣ್ಣಿನಲ್ಲೇ ಬೆಂದಿತು, ಇನ್ನೊಂದು ವರ್ಷ ಒಂದೇ ದಿನದ ಮಳೆಗೆ ಹಿತ್ತಲೆಲ್ಲ ಹಳ್ಳ ಸೇರಿತು. ಅವನು ಕುವೈತಿನ ಹೋಟೆಲಿಗೆ ಕೆಲಸಕ್ಕೆ ಬಂದ. ಹೋಟೆಲು ಮುಚ್ಚಿದ ಮೇಲೆ ವಫ್ರಾದ ತೋಟದ ಮಾಲೀಕನೊಬ್ಬ ಅವನ ಕಫೀಲ್ ಆಗಿ, ಇಕಾಮಾವನ್ನು, ಅಂದರೆ ವಾಸದ ಪರವಾನಗಿಯನ್ನು, ತನ್ನ ಹೆಸರಿಗೆ ಬದಲಿಸಿಕೊಂಡು, ತೋಟದ ಮೂಲೆಯ ಒಂದು ಗ್ರೀನ್‌ಹೌಸನ್ನು ಅರ್ಧ ಪಾಲಿಗೆ ಬಿಟ್ಟುಕೊಟ್ಟ.

ಇಲ್ಲಿಯ ತೋಟದವರು ಬಿತ್ತುವುದು ಸೆಪ್ಟೆಂಬರಿನಲ್ಲಿ. ಜೂನ್ ಬಂತೆಂದರೆ ಎಲ್ಲ ಕಿತ್ತು, ನೆಲ ಒಣಗಲು ಬಿಟ್ಟು ಹೊರಟುಹೋಗುತ್ತಾರೆ. ಕಾಂತಪ್ಪ ಆಗಲೇ ಶುರುಮಾಡುತ್ತಿದ್ದ. ಗ್ರೀನ್‌ಹೌಸಿನ ಒಂದು ಗೋಡೆಗೆ ಜೇನುಗೂಡಿನಂಥ ರಟ್ಟಿನ ಹಲಗೆ, ಅದರ ಮೇಲೆ ಸದಾ ನೀರು. ಎದುರು ಗೋಡೆಯಲ್ಲಿ ಗಾಳಿಯನ್ನು ಎಳೆಯುವ ಎರಡು ದೊಡ್ಡ ಫ್ಯಾನು. ಒಳಗೆ ಕಾಲಿಟ್ಟರೆ ಒದ್ದೆ ಮಣ್ಣಿನ ವಾಸನೆ. "ಇಡೀ ವಫ್ರಾ ಖಾಲಿ ಇರುವಾಗ ನಮ್ಮದೊಂದೇ ಬಸಳೆ," ಎನ್ನುತ್ತಿದ್ದ. ಖೈತಾನ್, ಫಿಂಟಾಸ್ ಬಡಾವಣೆಗಳಲ್ಲಿದ್ದ ಊರ ಕಡೆಯವರು ಜುಲೈಯಲ್ಲಿ ಅದಕ್ಕೆ ಹೆಸರು ಬರೆಸಿ ಕಾಯುತ್ತಿದ್ದರು. ಇಡೀ ವಫ್ರಾ ಖಾಲಿ ಎಂದರೆ ಅವನು ಬಿದ್ದರೆ ನೋಡುವವರೂ ಇಲ್ಲ. ವಾರಿಜಾಳಿಗೆ ಕೇಳಿಸುತ್ತಿದ್ದದ್ದು ಅದೊಂದೇ.

ಹನ್ನೊಂದೂ ಕಾಲಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಇಪ್ಪತ್ತೈದಕ್ಕೆ ಮತ್ತೆ. ನಿದ್ದೆ ಬಂದಿರಬಹುದು ಎಂದುಕೊಂಡಳು. ಕರೆಂಟಿಲ್ಲದ ತಗಡಿನ ಶೆಡ್ಡಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ ಎಂದೂ ಅನ್ನಿಸಿತು. ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಏಳು ಸಲ ಮಾಡಿಯಾಗಿತ್ತು. ಎದುರು ಕುಳಿತಿದ್ದವನ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಊರಿನ ಹೆಸರು ಹೊಡೆದಿದ್ದಳು. ಕುರ್ಚಿ ಹಿಂದಕ್ಕೆ ತಳ್ಳಿ ಮಮ್ಮಾಲಿಗೆ ಫೋನ್ ಮಾಡಿದಳು.

ಉಳ್ಳಾಲದ ಮಮ್ಮಾಲಿ ಅರವತ್ತರ ಹತ್ತಿರದವನು. ತನ್ನ ಪಿಕಪ್ಪಿನಲ್ಲಿ ಕಾಂತಪ್ಪನ ತರಕಾರಿಯನ್ನು ಮನೆಮನೆಗೆ ಮುಟ್ಟಿಸುವವನು. ಹನ್ನೆರಡಕ್ಕೆ ಆಫೀಸಿನ ಕೆಳಗೆ ಬಂದು ನಿಂತ.

"ಹತ್ತಿ ವಾರಿಜಕ್ಕ. ಹೆದರ್ಬೇಡಿ. ಅವನು ಫೋನನ್ನು ಬಸಳೆಯೊಟ್ಟಿಗೆ ಕಟ್ಟು ಕಟ್ಟಿರ್ತಾನೆ. ಹೋದ ವಾರ ಫಿಂಟಾಸಿನ ಡೆಲ್ಮಾ ಬಾಯಿಯ ಕಟ್ಟಿನಲ್ಲಿ ಅವನ ಕನ್ನಡಕ ಸಿಕ್ಕಿತ್ತು, ಗೊತ್ತುಂಟಾ?"

"ಬೇಗ ಹೋಗಿ ಕಾಕ."

ಮಮ್ಮಾಲಿ ಮತ್ತೆ ತಮಾಷೆ ಮಾಡಲಿಲ್ಲ. ದಾರಿಯ ತುಂಬ ಅವಳು ಗಾಡಿಯ ಮುಂದಿನ ಉಷ್ಣಾಂಶದ ಅಂಕಿ ನೋಡುತ್ತಿದ್ದಳು. ನಲವತ್ತೆಂಟು. ಅಹ್ಮದಿ ದಾಟುವಾಗ ಐವತ್ತು. ಹೊರಗೆ ಐವತ್ತಾದರೆ ಗಾಳಿ ನಿಂತ ಪ್ಲಾಸ್ಟಿಕ್ಕಿನೊಳಗೆ ಎಷ್ಟು? ಖೈತಾನಿನ ಮನೆಯಿಂದ ಮಗಳು ಸುಪ್ರೀತಾ ಫೋನ್ ಮಾಡಿದಳು.

"ಮಮ್ಮಿ, ಡ್ಯಾಡಿ ಪಿಕ್ ಮಾಡ್ತಿಲ್ಲ. ಈಸ್ ಹಿ ಓಕೆ?"

"ಮಲಗಿದ್ದಾರೆ," ಎಂದಳು ವಾರಿಜಾ. ಹೇಳಿದ ಮೇಲೆ ಆ ಮಾತಿಗೇ ಹೆದರಿದಳು.

"ನಾನು ಅವನಿಗೆ ಹೇಳಿ ಹೇಳಿ ಸಾಕಾಯ್ತು," ಎಂದ ಮಮ್ಮಾಲಿ, ರಸ್ತೆಯಿಂದ ಕಣ್ಣು ತೆಗೆಯದೆ. "ಇಲ್ಲಿಯವರು ಬಿತ್ತುವಾಗ ನೀನೂ ಬಿತ್ತು ಅಂತ. ಪತ್ತನಾಜೆ ಅಂತೆ! ಅಲ್ಲ, ಊರಲ್ಲೇ ಮಳೆ ಆ ದಿನ ಕೇಳುದಿಲ್ಲ ಈಗ, ಈ ಮರುಭೂಮಿ ಕೇಳ್ತದಾ?"

ತೋಟ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಎರಡೂ ಬದಿಯ ತೋಟಗಳ ಗೇಟಿಗೆ ಬೀಗ. ಶೆಡ್ಡಿನಲ್ಲಿ ಚಾಪೆ ಇತ್ತು, ಕಾಂತಪ್ಪ ಇರಲಿಲ್ಲ. ನೀರಿನ ಟ್ಯಾಂಕಿನ ನೆರಳಿನಲ್ಲಿ ಕಲ್ಲಿನ ಮೇಲೆ ಫೋನ್ ಇತ್ತು. ವಾರಿಜಾ ಓಡಿದಳು. ಗ್ರೀನ್‌ಹೌಸಿನ ಒಂದು ಬದಿಯ ಪ್ಲಾಸ್ಟಿಕ್ ಅರ್ಧಕ್ಕೆ ಎತ್ತಿ ಕಟ್ಟಿತ್ತು. ಬಾಗಿಲು ಸರಿಸಿದಾಗ ಬಿಸಿ ಉಗಿ ಮುಖಕ್ಕೆ ಹೊಡೆಯಿತು.

ಅವನು ಬಿದ್ದಿರಲಿಲ್ಲ. ನಡುವಿನ ಸಾಲಿನಲ್ಲಿ ಬಗ್ಗಿ ನಿಂತು, ಬಕೆಟಿನಿಂದ ಚೊಂಬಿನಲ್ಲಿ ನೀರೆತ್ತಿ ಬಸಳೆಯ ಎಲೆಗಳಿಗೆ ಚಿಮುಕಿಸುತ್ತಿದ್ದ. ಬಕೆಟ್ ಖಾಲಿಯಾಗಿತ್ತು. ಖಾಲಿ ಬಕೆಟಿಗೆ ಚೊಂಬು ಅದ್ದುತ್ತಿದ್ದ, ಎತ್ತುತ್ತಿದ್ದ, ಚಿಮುಕಿಸುತ್ತಿದ್ದ. ಅವನ ಅಂಗಿ ಒಣಗಿತ್ತು. ಬೆವರುವುದೇ ನಿಂತಿದೆ ಎಂಬುದು ಅವಳಿಗೆ ಮೊದಲು ಹೊಳೆಯಿತು.

"ರೀ!"

ಅವನು ತಿರುಗಿದ. "ಅಕ್ಕ, ಕಟ್ಟು ಇನ್ನೂ ರೆಡಿ ಆಗ್ಲಿಲ್ಲ," ಎಂದ, ತರಕಾರಿಗೆ ಬಂದವರಿಗೆ ಹೇಳುವಂತೆ.

ಮಮ್ಮಾಲಿ ಹಿಂದಿನಿಂದ ಅವನ ಕಂಕುಳಿಗೆ ಕೈಹಾಕಿದ. ಇಬ್ಬರೂ ಸೇರಿ ಎಳೆದುತಂದು ಪಿಕಪ್ಪಿನಲ್ಲಿ ಕೂರಿಸಿ ಎಸಿ ಪೂರ್ತಿ ತಿರುಗಿಸಿದರು. ವಾರಿಜಾ ತನ್ನ ಶಾಲು ಒದ್ದೆಮಾಡಿ ಅವನ ಕತ್ತಿಗೆ ಸುತ್ತಿದಳು, ಬಾಯಿಗೆ ಉಪ್ಪು ನೀರು ಹನಿಸಿದಳು. ಮಮ್ಮಾಲಿ ನೂರಾಹನ್ನೆರಡಕ್ಕೆ ಫೋನ್ ಮಾಡಿದ. ಆ್ಯಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಬೇಕಂತೆ, ಅದಕ್ಕಿಂತ ಮೊದಲು ನಾವೇ ಆಸ್ಪತ್ರೆ ಮುಟ್ಟುತ್ತೇವೆ ಎಂದ. ಅಷ್ಟರಲ್ಲಿ ಕಾಂತಪ್ಪನ ನೋಟಕ್ಕೆ ಎಚ್ಚರ ಮರಳಿತು.

"ನೀನು ಯಾವಾಗ ಬಂದದ್ದು?" ಎಂದ. ಆಮೇಲೆ, "ಆ್ಯಂಬುಲೆನ್ಸ್ ಬೇಡ. ಆಸ್ಪತ್ರೆಯೂ ಬೇಡ. ಬೇಸಿಗೆಯ ಮಧ್ಯಾಹ್ನ ಕೆಲಸ ನಿಷೇಧ ಅಲ್ವಾ, ಮಾಡಿದ್ದು ಗೊತ್ತಾದ್ರೆ ಕಫೀಲಿಗೆ ದಂಡ. ನನ್ನ ಇಕಾಮಾ ಖಲಾಸ್."

"ನೀವೇ ಖಲಾಸ್ ಆಗ್ತಿದ್ರಿ," ಎಂದಳು.

ಆಗ ಗ್ರೀನ್‌ಹೌಸಿನ ಒಳಗೆ ಏನೋ ಗುಂಯ್‌ಗುಟ್ಟಿತು. ಫ್ಯಾನುಗಳು ಒಂದೊಂದಾಗಿ ತಿರುಗತೊಡಗಿದವು. ಕರೆಂಟು ಹೇಳಿದ್ದಕ್ಕಿಂತ ಬೇಗ ಬಂದಿತ್ತು. ಕಾಂತಪ್ಪ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟ.

"ಬಂತು! ಎತ್ತಿದ ಪ್ಲಾಸ್ಟಿಕ್ ಇಳಿಸ್ಬೇಕು, ಇಲ್ಲದಿದ್ರೆ ತಂಪೆಲ್ಲ ಹೊರಗೆ ಹೋಗ್ತದೆ. ಎರಡೇ ನಿಮಿಷ ವಾರಿಜಾ. ಇನ್ನೂ ಬದುಕ್ತದೆ ಅದು."

ಮಮ್ಮಾಲಿ ಅವನ ಎದೆಗೆ ಕೈ ಅಡ್ಡ ಇಟ್ಟ. ಅವನು ಆ ಕೈಯನ್ನು ತಳ್ಳುತ್ತಿದ್ದ. ನಿಲ್ಲಲು ತ್ರಾಣವಿಲ್ಲದವನು, ಹೆಂಡತಿಯನ್ನು ಗುರುತಿಸದೆ ಇದ್ದವನು, ಎರಡೇ ನಿಮಿಷ ಎನ್ನುತ್ತಿದ್ದ. ವಾರಿಜಾಳಿಗೆ ಮುಂದಿನದೆಲ್ಲ ಕಂಡಿತು. ನಾಳೆಯೂ ಸಂದೇಶ ಬರುತ್ತದೆ. ನಾಳಿದ್ದೂ ಬರುತ್ತದೆ. ಒಳಗೆ ಒಂದು ಎಲೆ ಹಸಿರಾಗಿರುವ ತನಕ ಇವನು ಹೋಗುತ್ತಾನೆ.

ಟ್ಯಾಂಕಿನ ಬದಿಯಲ್ಲಿ ಬಸಳೆ ಕೊಯ್ಯುವ ಕತ್ತಿ ಸಿಕ್ಕಿಸಿತ್ತು. ತೆಗೆದುಕೊಂಡಳು. ಮೊದಲ ಸೀಳಿಗೆ ಪ್ಲಾಸ್ಟಿಕ್ಕಿನ ಮೇಲೆ ಬರೀ ಗೀರು ಬಿತ್ತು. ಎರಡನೆಯದಕ್ಕೆ ಹರಿಯಿತು. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಕೇಳುತ್ತಿದ್ದ ಕೂಗಿಗೆ ತಿರುಗದೆ, ಈ ತುದಿಯಿಂದ ಆ ತುದಿಗೆ ಸೀಳುತ್ತ ನಡೆದಳು. ಮತ್ತೆ ಇನ್ನೊಂದು ಬದಿ. ಫ್ಯಾನುಗಳು ಈಗ ಮರಳಿನ ಬಿಸಿಗಾಳಿಯನ್ನೇ ಒಳಗೆ ಎಳೆದವು. ಜೋತುಬಿದ್ದ ಎಲೆಗಳು ಅದರಲ್ಲಿ ಅಲ್ಲಾಡಿದವು.

ಹಿಂದಿರುಗುವಾಗ ಅವನು ಹೊಡೆಯಬಹುದು ಎಂದು ಅಂಜಿದ್ದಳು. ಮದುವೆಯಾದ ಹದಿನೇಳು ವರ್ಷದಲ್ಲಿ ಒಮ್ಮೆಯೂ ಕೈಯೆತ್ತದವನು. ಅವನು ಸೀಟಿನಲ್ಲಿ ಕುಗ್ಗಿ ಕುಳಿತಿದ್ದ.

"ಇನ್ನು ನಾನೆಂತ ಮಾಡುದು?" ಎಂದ.

"ಸೆಪ್ಟೆಂಬರಿನಲ್ಲಿ ಬಿತ್ತಿ."

"ಅಷ್ಟರ ತನಕ ಕಫೀಲ್ ಸುಮ್ಮನೆ ಇಟ್ಟುಕೊಳ್ತಾನಾ?" ಮಮ್ಮಾಲಿ ಟ್ಯಾಂಕಿನ ಬಳಿಯಿಂದ ತಂದುಕೊಟ್ಟಿದ್ದ ತನ್ನ ಫೋನನ್ನು ಅವಳ ಕೈಗೆ ಹಾಕಿದ. "ನೀನೇ ಹೇಳು. ಹರಿದದ್ದು ನೀನಲ್ವಾ?"

ಮಮ್ಮಾಲಿ ಮೆಲ್ಲನೆ ಹೇಳಿದ, "ಗಾಳಿಗೆ ಹರಿಯಿತು ಅನ್ನಿ ಅಕ್ಕ. ನಂಬ್ತಾನೆ."

ನಂಬುತ್ತಾನೆ, ನಿಜ. ಆದರೆ ನಾಳೆಯೇ ಹೊಸ ಪ್ಲಾಸ್ಟಿಕ್ ತಂದುಹಾಕುತ್ತಾನೆ, ಒಳ್ಳೆಯ ಮನುಷ್ಯ. ಅವಳು ಅರಬ್ಬಿಯ ಶಬ್ದಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಜೋಡಿಸಿಕೊಂಡಳು. ಕಫೀಲ್ ಎತ್ತಿದ. ಕಾಂತಪ್ಪನ ಹೆಂಡತಿ ಎಂದಳು. ಅವರು ಮಧ್ಯಾಹ್ನ ಒಳಗೆ ಇದ್ದರು, ಜೀವಕ್ಕೇ ಬಂದಿತ್ತು, ಆಸ್ಪತ್ರೆಗೆ ಒಯ್ಯುತ್ತಿದ್ದೇನೆ ಎಂದಳು. ಪ್ಲಾಸ್ಟಿಕ್ಕನ್ನು ಕತ್ತರಿಸಿದ್ದು ನಾನು, ಬೇಕೆಂದೇ ಕತ್ತರಿಸಿದ್ದು, ಸೆಪ್ಟೆಂಬರಿಗೆ ಮೊದಲು ಅದನ್ನು ದಯವಿಟ್ಟು ಸರಿಮಾಡಿಸಬೇಡಿ ಎಂದಳು.

ಆ ಕಡೆ ಯಾರದೋ ಟಿವಿ ಕೇಳುತ್ತಿತ್ತು. ಆಮೇಲೆ ಎರಡು ಮಾತು, ಫೋನ್ ಕಟ್.

"ಎಂತ ಹೇಳಿದ?" ಕಾಂತಪ್ಪ ಕೇಳಿದ.

"ಸಂಜೆ ಬಂದು ನೋಡ್ತಾರಂತೆ."

"ಮತ್ತೆ?"

"ಅಷ್ಟೇ."

"ಸಿಟ್ಟಿನಲ್ಲಿ ಹೇಳಿದನಾ?"

"ಗೊತ್ತಾಗಲಿಲ್ಲ," ಎಂದಳು. ಸುಳ್ಳಲ್ಲ. ಆ ದನಿಯನ್ನು ಎಷ್ಟು ಸಲ ನೆನಪಿಸಿಕೊಂಡರೂ ಗೊತ್ತಾಗುತ್ತಿರಲಿಲ್ಲ.

"ಯಲ್ಲಾ, ಹೊರಡುವ," ಎಂದು ಮಮ್ಮಾಲಿ ಗಾಡಿ ತಿರುಗಿಸಿದ. ಕಾಂತಪ್ಪ ಕಿಟಕಿಯ ಕಡೆಗೆ ಮುಖ ಹಾಕಿ ಕುಳಿತ. ವಾರಿಜಾ ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದಳು. ಅದು ಬಹಳ ಬೇಗ ಓಡುತ್ತಿತ್ತು, ನಡುವೆ ಎಲ್ಲೋ ತಪ್ಪಿತು. ತಪ್ಪಿದ್ದು ನಾಡಿಯೋ ತನ್ನ ಎಣಿಕೆಯೋ ತಿಳಿಯದೆ ಮತ್ತೆ ಒಂದರಿಂದ ಎಣಿಸಿದಳು. ಅವನು ಕೈ ಎಳೆದುಕೊಳ್ಳಲಿಲ್ಲ.